ಮಾಣಿಗಳು ಹೆಚ್ಚಾದರೆ ದೋಸೆ ಬೇಗ ಬರುವುದಿಲ್ಲ

ನವಿ ಮುಂಬಯಿಯ ಐರೋಲಿ, ಮಹಾಪೆ, ಪುಣೆಯ ಹಿಂಜವಡಿ, ಹೈದರಾಬಾದಿನ ಗಚ್ಚಿಬೌಲಿ - ಈ ಕಡೆಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಬಹಳ ಮಂದಿ ಇದ್ದಾರೆ. ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಏನು ಕೆಲಸ ಎಂದು ಕೇಳಿದರೆ "ಐಟಿ" ಎಂದು ಹೇಳಿ ಮುಗಿಸುತ್ತಾರೆ. ಅವರಲ್ಲಿ ಪ್ರೋಗ್ರಾಂ ಬರೆಯುವವರು ಕೆಲವರು. ಬರೆದದ್ದು ಓಡುವ ಯಂತ್ರಗಳನ್ನು ಕಾಯುವವರು ಹಲವರು. ನಾನು ಇಪ್ಪತ್ತು ವರ್ಷಗಳಿಂದ ಈ ಎರಡನೆಯ ಗುಂಪಿನವನು. ಯಂತ್ರ ಕಾಯುವ ಕೆಲಸ ಸರಿಯಾಗಿ ನಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪಿದ ದಿನ ಮಾತ್ರ ಎಲ್ಲರಿಗೂ ನಮ್ಮ ಹೆಸರು ಗೊತ್ತಾಗುತ್ತದೆ.

ಈ ಕೆಲಸದವರಿಗೆ ಎಂದಾದರೊಂದು ರಾತ್ರಿ ಎದುರಾಗುವ ಅಲರ್ಟ್ ಒಂದಿದೆ: ಮ್ಯಾನೇಜ್‌ಮೆಂಟ್ ಸರ್ವರಿನಲ್ಲಿ ಥ್ರೆಡ್ ಸಂಖ್ಯೆ ಮಿತಿ ಮೀರಿದೆ ಎಂಬುದು. ಹೆಚ್ಚಿನವರು ಸರ್ವರನ್ನು ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚುತ್ತಾರೆ. ಅಷ್ಟು ಏಕೆ ಸಾಲದು, ಅದರಿಂದ ಕೆಲವೊಮ್ಮೆ ಹಾನಿ ಏಕಾಗುತ್ತದೆ, ಬದಲಿಗೆ ಏನು ಮಾಡಬೇಕು ಎಂಬುದನ್ನು ಕೈಯಾರೆ ಕಂಡ ಒಂದು ಪ್ರಕರಣದ ಜೊತೆ ಇಲ್ಲಿ ಹೇಳುತ್ತೇನೆ. ಈ ಕ್ಷೇತ್ರದಲ್ಲಿ ಇಲ್ಲದವರಿಗೂ ಅರ್ಥವಾಗುವ ಹಾಗೆ ಮೊದಲಿಂದ ಶುರು ಮಾಡೋಣ.

ಮೇಸ್ತ್ರಿ ಸರ್ವರ್

ಹಿಂದೆ ಒಂದು ಕೆಲಸಕ್ಕೆ ಒಂದು ಕಂಪ್ಯೂಟರ್ ಇರುತ್ತಿತ್ತು. ಈಗ ಒಂದೇ ದೊಡ್ಡ ಯಂತ್ರದೊಳಗೆ ಹತ್ತಾರು ವರ್ಚುವಲ್ ಮಷೀನುಗಳು ಓಡುತ್ತವೆ. ಪ್ರತಿಯೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದು ತಿಳಿದುಕೊಂಡಿರುತ್ತದೆ. ಚಾಳಿನ ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರ ಇದ್ದ ಹಾಗೆ. ಇಂಥ ಹತ್ತಿಪ್ಪತ್ತು ಯಂತ್ರಗಳನ್ನು ಒಟ್ಟಿಗೆ ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಬೇಕು. ಹೊಸ ಮಷೀನು ಕಟ್ಟುವುದು, ಒಂದನ್ನು ಈ ಯಂತ್ರದಿಂದ ಆ ಯಂತ್ರಕ್ಕೆ ಸಾಗಿಸುವುದು, ಯಾರು ಎಷ್ಟು ಜಾಗ ತಿಂದರು ಎಂದು ಲೆಕ್ಕವಿಡುವುದು ಅವನ ಕೆಲಸ. ಅವನೇ ಮ್ಯಾನೇಜ್‌ಮೆಂಟ್ ಸರ್ವರ್. ವಿಎಂವೇರ್‌ನವರು 2003ರಲ್ಲಿ ವರ್ಚುವಲ್ ಸೆಂಟರ್ ಎಂಬ ಹೆಸರಿನಲ್ಲಿ ತಂದದ್ದು ಇಂದಿನ ವಿ-ಸೆಂಟರ್. ಮುಕ್ತ ತಂತ್ರಾಂಶದ ಕಡೆ ಓವರ್ಟ್ ಇದೆ, ಬೇರೆಯವೂ ಇವೆ.

ಮೇಸ್ತ್ರಿ ನಿಂತರೂ ಕೆಳಗಿನ ಮಷೀನುಗಳು ನಿಲ್ಲುವುದಿಲ್ಲ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ರಿಪೋರ್ಟು ಎಲ್ಲವೂ ನಡೆಯುತ್ತಿರುತ್ತವೆ. ಇದು ಒಳ್ಳೆಯ ವ್ಯವಸ್ಥೆಯೇ, ಆದರೆ ಇದರಿಂದಲೇ ಮೇಸ್ತ್ರಿಯ ಕಾಯಿಲೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. "ರೀಸ್ಟಾರ್ಟ್ ಮಾಡಿ, ಯಾರಿಗೂ ತೊಂದರೆ ಇಲ್ಲವಲ್ಲ" ಎನ್ನುವುದು ರೂಢಿ. ತೊಂದರೆ ಇದೆಯೋ ಇಲ್ಲವೋ ಮುಂದೆ ನೋಡೋಣ.

ಥ್ರೆಡ್ ಎಂದರೆ ಮಾಣಿ

ಮಾಟುಂಗದ ಉಡುಪಿ ಹೋಟೆಲನ್ನು ನೆನೆದುಕೊಳ್ಳಿ. ಗಿರಾಕಿ ಬಂದು ಕೂತ, ಮಾಣಿ ಬಂದು ಕೇಳಿದ, ಮಸಾಲೆ ದೋಸೆ ಎಂದಿರಿ. ಮಾಣಿ ಒಳಗೆ ಹೋಗಿ ಭಟ್ಟರಿಗೆ ಹೇಳಿ, ದೋಸೆ ಆಗುವ ತನಕ ಅಲ್ಲೇ ನಿಂತು, ತಂದುಕೊಡುತ್ತಾನೆ ಎಂದಿಟ್ಟುಕೊಳ್ಳೋಣ. ನಿಜವಾದ ಮಾಣಿ ಹಾಗೆ ನಿಲ್ಲುವುದಿಲ್ಲ, ಅಷ್ಟರಲ್ಲಿ ನಾಲ್ಕು ಟೇಬಲ್ ಸುತ್ತಿ ಬಂದಿರುತ್ತಾನೆ. ಆದರೆ ಸರ್ವರಿನೊಳಗಿನ ಥ್ರೆಡ್ ಎಷ್ಟೋ ಸಲ ಇಂಥ ನಿಲ್ಲುವ ಮಾಣಿಯೇ. ಒಂದು ಕೋರಿಕೆ ಬಂದರೆ ಒಂದು ಥ್ರೆಡ್ ಎದ್ದು, ಡೇಟಾಬೇಸಿಗೋ ಇನ್ನೊಂದು ಯಂತ್ರಕ್ಕೋ ಕೇಳಿ, ಉತ್ತರ ಬರುವ ತನಕ ಕಾಯುತ್ತದೆ.

ಈಗ ಒಳಗೆ ಕಾವಲಿ ಕೆಟ್ಟಿದೆ. ಮಾಣಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ನಿಂತರು, ಹೊರಗೆ ಯಾರೂ ಇಲ್ಲ. ಗಲ್ಲಾದ ಮೇಲೆ ಕೂತ ಯಜಮಾನರು ಮಾಣಿಗಳು ಸಾಲದು ಎಂದುಕೊಂಡು ಇನ್ನೂ ಹತ್ತು ಜನರನ್ನು ಸೇರಿಸಿದರು. ಆ ಹತ್ತು ಮಂದಿಯೂ ಹೋಗಿ ಅಡುಗೆಮನೆ ಬಾಗಿಲಲ್ಲೇ ನಿಂತರು. ಕೊನೆಗೆ ಅಲ್ಲಿ ಕಾಲಿಡಲು ಜಾಗವಿಲ್ಲದೆ, ಬರೀ ಕಾಫಿ ಕೇಳಿದವನಿಗೂ ಕಾಫಿ ಸಿಗದ ಸ್ಥಿತಿ ಬಂತು. ಥ್ರೆಡ್ ಮಿತಿ ಹೆಚ್ಚಿಸಿ, ಮೆಮೊರಿ ಹೆಚ್ಚಿಸಿ ಎಂಬ ಸಲಹೆಗಳೆಲ್ಲ ಈ ಹೊಸ ಮಾಣಿಗಳ ಜಾತಿಯವು.

ಇದಕ್ಕೊಂದು ಗಣಿತವೂ ಇದೆ. ಅಮೆರಿಕದ ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ್ದು. ಒಳಗಿರುವವರ ಸಂಖ್ಯೆ ಎಂದರೆ, ಬರುವ ವೇಗವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಷ್ಟು. ನಿಮಿಷಕ್ಕೆ 4 ಗಿರಾಕಿಗಳು ಬಂದು ತಲಾ 20 ನಿಮಿಷ ಕೂತರೆ ಹೋಟೆಲಿನಲ್ಲಿ 80 ಮಂದಿ. ಅದೇ 4 ಮಂದಿ ತಲಾ 40 ನಿಮಿಷ ಕೂತರೆ 160. ಬಾಗಿಲಲ್ಲಿ ಒಬ್ಬನೂ ಹೆಚ್ಚು ಬಂದಿಲ್ಲ, ಆದರೂ ಒಳಗೆ ನೂಕುನುಗ್ಗಲು. ಸರ್ವರಿಗೂ ಇದೇ ಲೆಕ್ಕ. ಸೆಕೆಂಡಿಗೆ 20 ಕೋರಿಕೆಗಳು ಬಂದು ಒಂದೊಂದಕ್ಕೆ ಅರ್ಧ ಸೆಕೆಂಡು ಹಿಡಿದರೆ 10 ಥ್ರೆಡ್ ಸಾಕು. ಉತ್ತರಕ್ಕೆ 30 ಸೆಕೆಂಡು ಹಿಡಿಯತೊಡಗಿದರೆ 600 ಬೇಕು. ಆದ್ದರಿಂದ ಥ್ರೆಡ್ ಏರಿದಾಗ ಎಷ್ಟು ಕೆಲಸ ಬರುತ್ತಿದೆ ಎಂಬುದರ ಜೊತೆಗೆ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದೂ ಕೇಳಬೇಕು.

ಗೆರೆಯ ಮೂರು ಆಕಾರ

ಥ್ರೆಡ್ ಸಂಖ್ಯೆಯನ್ನು ನಿಮಿಷಕ್ಕೊಮ್ಮೆ ಬರೆದಿಟ್ಟು ಗೆರೆ ಎಳೆದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಲಿನಕ್ಸಿನಲ್ಲಿ ಇದು ಸುಲಭ. ಪ್ರೊಕ್ ಎಂಬ ಫೋಲ್ಡರಿನೊಳಗೆ ಪ್ರತಿ ಪ್ರೋಸೆಸ್ಸಿಗೂ ಅದರ ನಂಬರಿನ ಹೆಸರಲ್ಲಿ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ ಟಾಸ್ಕ್ ಎಂಬಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟು ಥ್ರೆಡ್‌ಗಳು.

ಒಂದನೆಯ ಆಕಾರ: ಬೆಳಿಗ್ಗೆ ಏರಿ ಸಂಜೆ ಇಳಿಯುವ ಗೆರೆ. ಇದು ಕೆಲಸದ ಉಸಿರಾಟ, ಸಹಜ. ಎರಡನೆಯದು: ಒಮ್ಮೆಲೇ ಏರಿ ಒಂದು ಎತ್ತರದಲ್ಲಿ ನಿಲ್ಲುವ ಗೆರೆ. ಕೆಲಸದ ಭಾರ ಅಷ್ಟೇ ಇದ್ದರೆ, ಹಿಂದಿರುವ ಯಾವುದೋ ನಿಧಾನವಾಗಿದೆ ಎಂದರ್ಥ, ಆದರೆ ಕೆಲಸಗಳು ಮುಗಿಯುತ್ತಿವೆ. ಮೂರನೆಯದು: ಹಗಲು ರಾತ್ರಿ ನೋಡದೆ, ಸ್ಕೇಲು ಹಿಡಿದು ಎಳೆದ ಹಾಗೆ ನೇರ ಏರುವ ಗೆರೆ. ಇಲ್ಲಿ ಒಳಗೆ ಹೋದದ್ದರಲ್ಲಿ ಏನೋ ಒಂದು ಹೊರಗೆ ಬರುತ್ತಲೇ ಇಲ್ಲ. ಎರಡನೆಯದು ನಿಧಾನದ ರೋಗ, ಮೂರನೆಯದು ಸೋರಿಕೆಯ ರೋಗ. ಎರಡಕ್ಕೂ ಮದ್ದು ಬೇರೆ.

ಜೊತೆಗೆ ಸಿಪಿಯು ನೋಡಬೇಕು. ಥ್ರೆಡ್ ಸಾವಿರಾರು ಇದ್ದು ಸಿಪಿಯು ತಣ್ಣಗಿದ್ದರೆ ಎಲ್ಲರೂ ಕಾಯುತ್ತಿದ್ದಾರೆ. ಸಿಪಿಯು ಕಾದ ಹಂಚಿನಂತಿದ್ದರೆ ಯಾರೋ ಕೆಲವರು ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತುತ್ತಿದ್ದಾರೆ.

ಒಂದು ಆಸ್ಪತ್ರೆಯ ರಾತ್ರಿಗಳು

ಕೆಲವು ವರ್ಷಗಳ ಹಿಂದೆ ನವಿ ಮುಂಬಯಿಯ ಒಂದು ಡೇಟಾ ಸೆಂಟರಿಗೆ ನನ್ನನ್ನು ಕರೆಸಿದರು. ಅಲ್ಲಿ ಒಂದು ದೊಡ್ಡ ಆಸ್ಪತ್ರೆಯ ಸುಮಾರು 240 ವರ್ಚುವಲ್ ಮಷೀನುಗಳಿದ್ದವು: ಲ್ಯಾಬ್ ರಿಪೋರ್ಟು, ಎಕ್ಸ್-ರೇ ಚಿತ್ರಗಳು, ಔಷಧಿ ಅಂಗಡಿಯ ಬಿಲ್ಲು, ಎಲ್ಲ. ಎರಡು ತಿಂಗಳಿಂದ ಮ್ಯಾನೇಜ್‌ಮೆಂಟ್ ಸರ್ವರ್ ರಾತ್ರಿ 2 ಗಂಟೆಗೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ರಾತ್ರಿ ಪಾಳಿಯವರು ರೀಸ್ಟಾರ್ಟ್ ಮಾಡುತ್ತಿದ್ದರು. ಮೊದಮೊದಲು 11ಕ್ಕೇ ನಿಲ್ಲುತ್ತಿತ್ತಂತೆ. ಮಿತಿಗಳನ್ನೂ ಮೆಮೊರಿಯನ್ನೂ ಹೆಚ್ಚಿಸಿದ ಮೇಲೆ 2ಕ್ಕೆ ಹೋಯಿತು. ಇದನ್ನು ಸುಧಾರಣೆ ಎಂದು ರಿಪೋರ್ಟಿನಲ್ಲಿ ಬರೆದಿದ್ದರು!

ಪಾಳಿಯಲ್ಲಿದ್ದವನು ಗದಗ ಕಡೆಯ ಹುಡುಗ. ಡಿಪ್ಲೊಮಾ ಮುಗಿಸಿ ಕಾಂಟ್ರಾಕ್ಟ್ ಮೇಲೆ ಬಂದವನು, ಘನ್ಸೋಲಿಯಲ್ಲಿ ಮೂವರ ಜೊತೆ ರೂಮು. ಕನ್ನಡ ಕೇಳಿದ್ದೇ ಮುಖ ಅರಳಿತು.

"ಸರ, ಎರಡಕ್ಕ ರೀಸ್ಟಾರ್ಟ್ ಮಾಡಿದ್ರ ಮರುದಿನ ರಾತ್ರಿತನಕ ಏನೂ ತ್ರಾಸ್ ಇರಂಗಿಲ್ರಿ. ಆದ್ರ ಬೆಳಿಗ್ಗಿ ಮೀಟಿಂಗಿನ್ಯಾಗ ನನ್ನ ಹೆಸರ ಬರ್ತದ. ಟಿಕೆಟ್ ಮ್ಯಾಲ ನನ್ನ ಹೆಸರೇ ಐತಲ್ರಿ."

"ರೀಸ್ಟಾರ್ಟ್ ಮಾಡುವ ಮೊದಲು ಏನಾದರೂ ತೆಗೆದಿಡುತ್ತೀಯೇನಪ್ಪ?"

"ಏನ್ ತಗೀಬೇಕ್ರಿ ಸರ? ನಮಗ ಕೊಟ್ಟ ಹಾಳ್ಯಾಗ ರೀಸ್ಟಾರ್ಟ್ ಅಂತ ಅಷ್ಟ ಐತ್ರಿ."

ಅವನ ಕಾಂಟ್ರಾಕ್ಟಿನ ಅವಧಿ ಮುಂದಿನ ತಿಂಗಳಿಗೆ ಮುಗಿಯುವುದಿತ್ತು. ಐವತ್ತಕ್ಕೂ ಹೆಚ್ಚು ರೀಸ್ಟಾರ್ಟ್‌ಗಳು ಅವನೊಬ್ಬನ ಹೆಸರಿನಲ್ಲಿದ್ದವು. ಆ ಪಟ್ಟಿಯನ್ನು ಮಾತ್ರ ನೋಡುವ ಮೇಲಿನವರಿಗೆ ತೊಂದರೆ ಅವನ ಪಾಳಿಯದ್ದೇ ಎಂದು ಕಾಣುವುದು ಸಹಜ.

ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಬ್ಯಾಕಪ್ ತೆಗೆಯುವಾಗ ಮೊದಲು ಆ ಮಷೀನಿನ ಸ್ನ್ಯಾಪ್‌ಶಾಟ್ ಮಾಡುತ್ತಾರೆ. ಹಳೆಯ ಡಿಸ್ಕನ್ನು ಹಾಗೇ ನಿಲ್ಲಿಸಿ, ಹೊಸ ಬರಹವನ್ನೆಲ್ಲ ಬೇರೆ ಫೈಲಿಗೆ ತಿರುಗಿಸುವುದು. ನಕಲು ಮುಗಿದ ಮೇಲೆ ಆ ಫೈಲನ್ನು ಮತ್ತೆ ಡಿಸ್ಕಿನೊಳಗೆ ಸೇರಿಸಿ ಸ್ನ್ಯಾಪ್‌ಶಾಟ್ ಅಳಿಸಬೇಕು. ಅಳಿಸು ಎಂದು ಹೇಳುವವನು ಮೇಸ್ತ್ರಿ. ಅವನನ್ನೇ ನಡುವೆ ರೀಸ್ಟಾರ್ಟ್ ಮಾಡಿದರೆ ಅರ್ಧಕ್ಕೆ ನಿಂತ ಬ್ಯಾಕಪ್‌ಗಳ ಸ್ನ್ಯಾಪ್‌ಶಾಟ್‌ಗಳು ಅನಾಥವಾಗಿ ಉಳಿದು ದಿನದಿನಕ್ಕೆ ಊದಿಕೊಳ್ಳುತ್ತವೆ. ನಾನು ಹೋದಾಗ 41 ಮಷೀನುಗಳಲ್ಲಿ ಇಂಥವು ಇದ್ದವು. ಸ್ಟೋರೇಜಿನಲ್ಲಿ ಉಳಿದದ್ದು ನೂರಕ್ಕೆ 9ರಷ್ಟು ಜಾಗ. ಅದು ತುಂಬಿದ ದಿನ ಬರೆಯಲು ಜಾಗವಿಲ್ಲದೆ ಮಷೀನುಗಳೇ ನಿಲ್ಲುತ್ತವೆ. ಲ್ಯಾಬಿನ ರಿಪೋರ್ಟಿಗೆ ಕಾದು ಕೂತ ರೋಗಿಗೆ ಥ್ರೆಡ್ ಎಂದರೇನು ಎಂದು ಗೊತ್ತಿರಬೇಕಾಗಿಲ್ಲ, ಆದರೆ ಪರಿಣಾಮ ತಟ್ಟುವುದು ಅವರಿಗೇ. ರೀಸ್ಟಾರ್ಟಿನಿಂದ ಯಾರಿಗೂ ತೊಂದರೆ ಇಲ್ಲ ಎಂಬ ಮಾತಿಗೆ ಉತ್ತರ ಇದು.

ಸಾಕ್ಷಿ ಹಿಡಿದದ್ದು

ರೀಸ್ಟಾರ್ಟ್ ಮಾಡಿದ ಕ್ಷಣ ಥ್ರೆಡ್‌ಗಳೆಲ್ಲ ಸಾಯುತ್ತವೆ, ಅವು ಎಲ್ಲಿ ನಿಂತಿದ್ದವು ಎಂಬ ಸಾಕ್ಷಿಯೂ ಸಾಯುತ್ತದೆ. ಆದ್ದರಿಂದ ಮೊದಲ ರಾತ್ರಿ ನಾವು ಮಾಡಿದ್ದು ಇಷ್ಟೇ. ನಿಮಿಷಕ್ಕೊಮ್ಮೆ ಥ್ರೆಡ್ ಎಣಿಸುವ ಮೂರು ಸಾಲಿನ ಸ್ಕ್ರಿಪ್ಟು ಹಾಕಿದೆವು, ಎರಡು ಹೊತ್ತಿನಲ್ಲಿ ಸ್ಟ್ಯಾಕ್ ಚಿತ್ರ ತೆಗೆದೆವು.

ಸ್ಟ್ಯಾಕ್ ಚಿತ್ರ ಎಂದರೆ ಆ ಗಳಿಗೆಯಲ್ಲಿ ಒಂದೊಂದು ಥ್ರೆಡ್ ಪ್ರೋಗ್ರಾಮಿನ ಯಾವ ಸಾಲಿನಲ್ಲಿ ನಿಂತಿದೆ ಎಂಬುದರ ಪಟ್ಟಿ. ಜಾವಾ ಸೇವೆಯಾದರೆ ಜೆಸ್ಟ್ಯಾಕ್ ಎಂಬ ಸಲಕರಣೆ ಸಾಕು. ಸೇವೆ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಅದೇ ಹೆಸರಲ್ಲಿ ಓಡಿಸಬೇಕು. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಸೇವೆಯಾದರೆ ಜಿಡಿಬಿ ಬೇಕು. ಅದು ಸೇವೆಯನ್ನು ಕ್ಷಣಕಾಲ ನಿಲ್ಲಿಸುತ್ತದೆ, ಹಾಗಾಗಿ ಕಂಪನಿಯ ಸಪೋರ್ಟಿನವರನ್ನು ಕೇಳಿ ಮಾಡುವುದು ಕ್ಷೇಮ. ಒಂದೇ ಚಿತ್ರ ಸಾಲದು. ಹತ್ತು ಸೆಕೆಂಡಿನ ಅಂತರದಲ್ಲಿ ಮೂರು ತೆಗೆಯಬೇಕು. ಮೂರರಲ್ಲೂ ಒಂದೇ ಜಾಗದಲ್ಲಿದ್ದವನು ನಿಜವಾಗಿ ನಿಂತವನು, ಬೇರೆ ಬೇರೆ ಕಡೆ ಕಂಡವನು ಕೆಲಸ ಮಾಡುತ್ತಿರುವವನು.

ರಾತ್ರಿ 9ಕ್ಕೆ ಬ್ಯಾಕಪ್ ಶುರುವಾಗುವಾಗ 350ರ ಆಸುಪಾಸಿನಲ್ಲಿದ್ದ ಥ್ರೆಡ್‌ಗಳು ನಿಮಿಷಕ್ಕೆ ಏಳರಂತೆ ಏರತೊಡಗಿದವು. ನಾವು ಎಳೆದ ಗೆರೆ ನೇರ ಕೋಲಿನ ಹಾಗಿತ್ತು, ಅಂದರೆ ಮೂರನೆಯ ಆಕಾರ. 11 ಗಂಟೆಯ ಚಿತ್ರದಲ್ಲಿ 1,190 ಥ್ರೆಡ್‌ಗಳು, ಅವುಗಳಲ್ಲಿ 838 ಒಂದೇ ಸಾಲಿನಲ್ಲಿ ನಿಂತಿದ್ದವು. ಒಂದೂವರೆಯ ಚಿತ್ರದಲ್ಲಿ 2,238, ಅದೇ ಸಾಲಿನಲ್ಲಿ 1,887. ಈ ನಿಂತವರನ್ನು ಕಳೆದರೆ ಎರಡೂ ಸಲ ಉಳಿಯುವುದು 350ರಷ್ಟೇ. ಸರ್ವರ್ ಆರೋಗ್ಯವಾಗಿಯೇ ಇತ್ತು, ಅದರ ಒಂದು ಮೂಲೆ ಮಾತ್ರ ತುಂಬುತ್ತಿತ್ತು.

ಇಲ್ಲೊಂದು ಎಚ್ಚರಿಕೆ. ಆ 1,887 ಥ್ರೆಡ್‌ಗಳ ಪಕ್ಕದಲ್ಲೂ ಜಾವಾ "ರನ್ನಬಲ್" ಎಂದು, ಅಂದರೆ ಓಡುತ್ತಿದೆ ಎಂದು ಬರೆದಿತ್ತು. ಹೊಸಬರು ಇದನ್ನು ನೋಡಿ ಕೆಲಸ ನಡೆಯುತ್ತಿದೆ ಎಂದುಕೊಂಡು ಮುಂದೆ ಹೋಗುತ್ತಾರೆ. ನೆಟ್‌ವರ್ಕಿನಿಂದ ಓದಲು ಕಾಯುತ್ತಿರುವ ಥ್ರೆಡ್ಡನ್ನೂ ಜಾವಾ ಹೀಗೆಯೇ ತೋರಿಸುತ್ತದೆ. ಪಕ್ಕದ ಹಣೆಪಟ್ಟಿಗಿಂತ ಕೆಳಗಿನ ಸಾಲು ಮುಖ್ಯ. ಅಲ್ಲಿ ಸಾಕೆಟ್ ರೀಡ್ ಎಂದಿದ್ದರೆ ಅವನು ಇನ್ನೊಂದು ಯಂತ್ರದ ಉತ್ತರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ.

ನಡುವಿನ ಕಾವಲುಗಾರ ಮರೆತದ್ದು

ಯಾವ ಬಾಗಿಲು? ಸ್ಟ್ಯಾಕಿನಲ್ಲಿ ಬ್ಯಾಕಪ್ ಪ್ಲಗಿನ್ ಒಂದರ ಹೆಸರಿತ್ತು. ಎಸ್‌ಎಸ್ ಎಂಬ ಕಮಾಂಡಿನಿಂದ ಸರ್ವರಿನ ಸಂಪರ್ಕಗಳನ್ನು ಪಟ್ಟಿ ಮಾಡಿದಾಗ, ಪುಣೆಯಲ್ಲಿದ್ದ ಎರಡನೆಯ ಸೈಟಿನ ಬ್ಯಾಕಪ್ ಪೆಟ್ಟಿಗೆಗೆ ಸಾವಿರದ ಎಂಟುನೂರಕ್ಕೂ ಹೆಚ್ಚು ಜೀವಂತ ಸಂಪರ್ಕಗಳು ಕಂಡವು. ಪುಣೆಯವರಿಗೆ ಫೋನ್ ಮಾಡಿ ಅವರ ಕಡೆ ಎಣಿಸಿ ಎಂದೆ. ಅವರ ಕಡೆ ಇದ್ದದ್ದು 150ರ ಆಸುಪಾಸು. ಒಂದೇ ಸಂಪರ್ಕಕ್ಕೆ ಎರಡು ತುದಿ ಇರಬೇಕಲ್ಲ! ಒಂದು ತುದಿ ಇದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಹಾಗಾದರೆ ಕೊಂಡಿ ಕಳಚಿದ್ದು ನಡುದಾರಿಯಲ್ಲಿ.

ನಡುವೆ ಇದ್ದದ್ದು ಫೈರ್‌ವಾಲ್. ಐದು ನಿಮಿಷ ಸದ್ದಿಲ್ಲದ ಸಂಪರ್ಕವನ್ನು ಮರೆತುಬಿಡಬೇಕು ಎಂಬ ನಿಯಮ ಅದರಲ್ಲಿತ್ತು. ಮರೆತದ್ದನ್ನು ಎರಡೂ ಕಡೆಗೆ ತಿಳಿಸುವ ಪದ್ಧತಿ ಅದಕ್ಕಿರಲಿಲ್ಲ. ಪ್ಲಗಿನ್ ಪ್ರತಿ ಬ್ಯಾಕಪ್ಪಿಗೂ ಮೊದಲು ಪುಣೆಯ ಪೆಟ್ಟಿಗೆಗೆ ಹಳೆಯ ಬ್ಯಾಕಪ್‌ಗಳ ಪಟ್ಟಿ ಕೊಡು ಎಂದು ಕೇಳುತ್ತಿತ್ತು. ಹೊಸದರಲ್ಲಿ ಉತ್ತರ ಕೆಲವೇ ಸೆಕೆಂಡಿನಲ್ಲಿ ಬರುತ್ತಿತ್ತು. ವರ್ಷವೆರಡು ಕಳೆದು ಪಟ್ಟಿ ಬೆಳೆದ ಮೇಲೆ ಆರೇಳು ನಿಮಿಷ ಹಿಡಿಯತೊಡಗಿತು. ಪೆಟ್ಟಿಗೆ ಪಟ್ಟಿ ತಯಾರಿಸುವಷ್ಟರಲ್ಲಿ ಫೈರ್‌ವಾಲ್ ಆ ಸಂಪರ್ಕವನ್ನು ಮರೆತಿರುತ್ತಿತ್ತು, ಉತ್ತರ ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಪುಣೆಯ ಪೆಟ್ಟಿಗೆ ಸ್ವಲ್ಪ ಹೊತ್ತು ಮತ್ತೆ ಮತ್ತೆ ಕಳಿಸಿ ಕೈಬಿಡುತ್ತಿತ್ತು. ನಮ್ಮ ಕಡೆಯ ಥ್ರೆಡ್ ಮಾತ್ರ ಎಂದೂ ಬಾರದ ಉತ್ತರಕ್ಕೆ ಕಾಯುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ಪ್ಲಗಿನ್ ಇನ್ನೊಂದು ಥ್ರೆಡ್ ಎಬ್ಬಿಸಿ, ಸರ್ವರಿಗೆ ಇನ್ನೊಂದು ಲಾಗಿನ್ ಮಾಡಿ, ಮತ್ತೆ ಕೇಳುತ್ತಿತ್ತು.

ಎಂದೂ ಬಾರದ ಉತ್ತರಕ್ಕೆ ಯಾರು ಎಷ್ಟು ಹೊತ್ತು ಕಾಯುತ್ತಾರೆ? ಜಾವಾದಲ್ಲಿ ಸಾಕೆಟ್ ಓದುವುದಕ್ಕೆ ಬೇರೆ ಹೇಳದಿದ್ದರೆ ಗಡುವೇ ಇಲ್ಲ. ಎದುರಿನವನು ಬದುಕಿದ್ದಾನೆಯೇ ಎಂದು ಆಗಾಗ ತಟ್ಟಿ ನೋಡುವ ಕೀಪ್-ಅಲೈವ್ ಎಂಬ ಸೌಲಭ್ಯ ಲಿನಕ್ಸಿನಲ್ಲಿದೆ, ಆದರೆ ಅದು ಮೊದಲ ಸಲ ತಟ್ಟುವುದು 7,200 ಸೆಕೆಂಡು, ಅಂದರೆ ಎರಡು ಗಂಟೆಯ ಮೌನದ ನಂತರ. ಅದೂ ಪ್ರೋಗ್ರಾಂ ಕೇಳಿಕೊಂಡಿದ್ದರೆ ಮಾತ್ರ. ಈ ಪ್ಲಗಿನ್ ಕೇಳಿಕೊಂಡಿರಲಿಲ್ಲ.

"ನಾವು ಏನೂ ಬದಲಾಯಿಸಿಲ್ಲ" ಎಂದು ಎಲ್ಲ ತಂಡದವರೂ ಆಣೆ ಮಾಡಿ ಹೇಳಿದ್ದರು. ಅವರು ಹೇಳಿದ್ದು ನಿಜವೇ. ಬದಲಾದದ್ದು ಪಟ್ಟಿಯ ಉದ್ದ ಮಾತ್ರ, ಅದನ್ನು ಯಾವ ಮನುಷ್ಯನೂ ಬದಲಾಯಿಸಿರಲಿಲ್ಲ.

ಮದ್ದು

ರೋಗ ತಿಳಿದ ಮೇಲೆ ಮದ್ದು ಬೇಗ ಮುಗಿಯಿತು. ಪ್ಲಗಿನ್ನಿನಲ್ಲಿ ಓದುವ ಗಡುವು ಹಾಕಿಸಿ, ಕೀಪ್-ಅಲೈವ್ ಶುರುಮಾಡಿ ಎರಡು ನಿಮಿಷಕ್ಕೊಮ್ಮೆ ತಟ್ಟುವಂತೆ ಮಾಡಿದೆವು. ಆ ಎರಡು ವಿಳಾಸಗಳ ನಡುವಿನ ಸಂಪರ್ಕಕ್ಕೆ ಮಾತ್ರ ಫೈರ್‌ವಾಲಿನ ಮರೆವಿನ ಅವಧಿ ಹೆಚ್ಚಿಸಿದರು. ಪುಣೆಯವರು ಅವಧಿ ಮುಗಿದ ಹಳೆಯ ಬ್ಯಾಕಪ್‌ಗಳನ್ನು ತೆಗೆದುಹಾಕಿದಾಗ ಪಟ್ಟಿಯ ಉತ್ತರ ಒಂದು ನಿಮಿಷದೊಳಗೆ ಬರತೊಡಗಿತು. ಅನಾಥ ಸ್ನ್ಯಾಪ್‌ಶಾಟ್‌ಗಳನ್ನು ಒಂದು ವಾರ ಹಿಡಿದು, ಹೊರೆ ಕಡಿಮೆಯಿರುವ ಹೊತ್ತಿನಲ್ಲಿ, ದಿನಕ್ಕೆ ಆರೇಳರಂತೆ ಸೇರಿಸಿದೆವು. ಎಲ್ಲವನ್ನೂ ಒಟ್ಟಿಗೆ ಅಳಿಸಲು ಹೊರಟರೆ ಸ್ಟೋರೇಜ್ ಉಸಿರು ಬಿಡುತ್ತದೆ. ಥ್ರೆಡ್ ಗೆರೆ ಆಮೇಲೆ 400ನ್ನು ದಾಟಲಿಲ್ಲ. ಹೆಚ್ಚಿಸಿದ್ದ ಮಿತಿಗಳನ್ನು ಮೊದಲಿನ ಮಟ್ಟಕ್ಕೇ ಇಳಿಸಿದೆವು.

ವರದಿ ಬರೆಯುವಾಗ ಮೊದಲ ಪುಟದಲ್ಲಿ ಆ ನೇರ ಗೆರೆಯನ್ನು ಹಾಕಿ, ಅಳತೆ ತೆಗೆದವನು ಯಾರು ಎಂದು ಆ ಹುಡುಗನ ಹೆಸರು ಬರೆದೆ. ಅದು ಉಪಕಾರವಲ್ಲ, ಎರಡೂ ರಾತ್ರಿ ಚಿತ್ರ ತೆಗೆದವನು ಅವನೇ. ಅದುವರೆಗೆ ಐವತ್ತು ಟಿಕೆಟ್‌ಗಳ ಮೇಲೆ ಮಾತ್ರ ಇದ್ದ ಹೆಸರು ಅಂದು ಕಾರಣ ಹುಡುಕಿದ ಕಾಗದದ ಮೇಲೂ ಬಂತು. ಅವನ ಕಾಂಟ್ರಾಕ್ಟ್ ಮುಂದುವರಿಯಿತು.

ರಾತ್ರಿ ಪಾಳಿಯವರಿಗೆ

ಇದನ್ನು ಓದುತ್ತಿರುವ ನಮ್ಮ ರಾತ್ರಿ ಪಾಳಿಯ ತಮ್ಮ ತಂಗಿಯರಿಗೆ ನಾಲ್ಕು ಮಾತು.

ಮೊದಲನೆಯದು, ರೀಸ್ಟಾರ್ಟ್ ಪಾಪವಲ್ಲ. ಸೇವೆ ನಿಂತಿದ್ದರೆ ಮಾಡಲೇಬೇಕು. ಆದರೆ ಮಾಡುವ ಮೊದಲು ಮೂರು ನಿಮಿಷ ತೆಗೆದುಕೊಳ್ಳಿ: ಥ್ರೆಡ್ ಎಣಿಕೆ, ಮೂರು ಸ್ಟ್ಯಾಕ್ ಚಿತ್ರ, ಸಂಪರ್ಕಗಳ ಪಟ್ಟಿ, ಲಾಗಿನ್ ಆಗಿರುವವರ ಪಟ್ಟಿ. ಬ್ಯಾಕಪ್ ನಡೆಯುತ್ತಿದೆಯೇ ಎಂದೂ ನೋಡಿ. ಇವನ್ನೆಲ್ಲ ಒಂದೇ ಸ್ಕ್ರಿಪ್ಟಿನಲ್ಲಿ ಮೊದಲೇ ಬರೆದಿಟ್ಟು, ಮೇಲಿನವರ ಒಪ್ಪಿಗೆ ಪಡೆದು, ನಿಮಗೆ ಕೊಟ್ಟ ಹಾಳೆಯಲ್ಲಿ ಸೇರಿಸಿಸಿ.

ಎರಡನೆಯದು, ಚಿತ್ರವನ್ನು ಮೇಲಿಂದ ಕೆಳಗೆ ಓದಲು ಹೋಗಬೇಡಿ. ಒಂದೇ ಥರದ ಸ್ಟ್ಯಾಕ್‌ಗಳನ್ನು ಗುಂಪು ಮಾಡಿ ಎಣಿಸಿ. ಎಲ್ಲಕ್ಕಿಂತ ದೊಡ್ಡ ಗುಂಪು ಯಾರಿಗಾಗಿ ಕಾಯುತ್ತಿದೆ ಎಂದು ಕೇಳಿ. ಎಲ್ಲ ಸಲವೂ ಉತ್ತರ ಫೈರ್‌ವಾಲ್ ಆಗಿರುವುದಿಲ್ಲ. ಡೇಟಾಬೇಸಿನ ಬೀಗ ಇರಬಹುದು, ಮಾತನಾಡದ ಒಂದು ಹೋಸ್ಟ್ ಇರಬಹುದು, ಲಾಗಿನ್ ಮಾಡಿ ಲಾಗೌಟ್ ಮಾಡದ ಯಾರದೋ ಸ್ಕ್ರಿಪ್ಟ್ ಇರಬಹುದು. ಕೇಳುವ ಪ್ರಶ್ನೆ ಮಾತ್ರ ಅದೇ.

ಮೂರನೆಯದು, "ಹೊಸ ಥ್ರೆಡ್ ಮಾಡಲು ಆಗಲಿಲ್ಲ, ಮೆಮೊರಿ ಸಾಲದು" ಎಂಬ ಅರ್ಥದ ಜಾವಾ ದೂರು ಕಂಡ ಕೂಡಲೇ ಜಾವಾದ ಹೀಪ್ ಹೆಚ್ಚಿಸಬೇಡಿ. ಅಲ್ಲಿ ಸಾಲದಿರುವುದು ಹೀಪ್ ಅಲ್ಲ. ಥ್ರೆಡ್‌ಗಳ ಮೇಲೆ ಲಿನಕ್ಸ್ ಹಾಕಿದ ಮಿತಿಯೋ, ಹೀಪಿನ ಹೊರಗಿನ ಜಾಗವೋ ಮುಗಿದಿರುತ್ತದೆ. ಹೀಪ್ ಹೆಚ್ಚಿಸಿದರೆ ಆ ಹೊರಗಿನ ಜಾಗ ಇನ್ನೂ ಕುಗ್ಗಿ ತೊಂದರೆ ಬೇಗನೆ ಬರಬಹುದು.

ನಾಲ್ಕನೆಯದು ಯಂತ್ರದ ಮಾತಲ್ಲ. ಪರವೂರಿನಲ್ಲಿ, ಕಾಂಟ್ರಾಕ್ಟಿನ ಮೇಲೆ, ರಾತ್ರಿ ಒಬ್ಬರೇ ಕೂತು ಕೆಲಸ ಮಾಡುವವರಿಗೆ ಬೆಳಗಿನ ಮೀಟಿಂಗಿನಲ್ಲಿ ಪರವಹಿಸಿ ಮಾತನಾಡುವವರು ಇರುವುದಿಲ್ಲ. ನೀವು ಬರೆದಿಟ್ಟ ಅಳತೆಯೇ ಅಲ್ಲಿ ನಿಮ್ಮ ಪರವಾಗಿ ಮಾತನಾಡಬೇಕು. ಟಿಕೆಟಿನಲ್ಲಿ "ರೀಸ್ಟಾರ್ಟ್ ಮಾಡಲಾಯಿತು" ಎಂದಷ್ಟೇ ಬರೆದು ಮುಚ್ಚಬೇಡಿ. ಎಷ್ಟು ಗಂಟೆಗೆ ಎಷ್ಟು ಥ್ರೆಡ್ ಇತ್ತು, ದೊಡ್ಡ ಗುಂಪು ಎಲ್ಲಿ ನಿಂತಿತ್ತು ಎಂದು ಇನ್ನೆರಡು ಸಾಲು ಸೇರಿಸಿ. ಹೇಗೆ ಬರೆಯುವುದೆಂದು ತಿಳಿಯದಿದ್ದರೆ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿದರಾಯಿತು. ಕಂಡದ್ದು ಸರಿಯಾಗಿದ್ದರೆ ಭಾಷೆ ಅಡ್ಡಿಯಾಗುವುದಿಲ್ಲ.